ಮಲವಗೊಪ್ಪದ 'ಗೊಪ್ಪ' ಹೇಳುವುದೇನು?

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸು ದಾಟುವ ಊರುಗಳಲ್ಲಿ ಮಲವಗೊಪ್ಪವೂ ಒಂದು. ಬೆಳೆಯುತ್ತಿರುವ ನಗರ ಈ ಊರನ್ನು ತನ್ನ ಮಡಿಲಿಗೆ ಎಳೆದುಕೊಂಡಿದೆ. ದಿನವೂ ಸಾವಿರಾರು ಮಂದಿ ಈ ಹೆಸರನ್ನು ನುಡಿಯುತ್ತಾರೆ. ಅದರ ಅರ್ಥವೇನೆಂದು ಕೇಳುವವರು ವಿರಳ. ಕೇಳಬೇಕಾದ ಪ್ರಶ್ನೆ ಮಾತ್ರ ಹೌದು. ಏಕೆಂದರೆ ಕಲ್ಲಿನ ಶಾಸನ ಒಡೆದು ಹೋಗಬಹುದು, ತಾಮ್ರಪಟ ಕರಗಿ ಬಿಂದಿಗೆಯಾಗಬಹುದು, ಆದರೆ ಜನರ ನಾಲಗೆಯ ಮೇಲಿರುವ ಊರ ಹೆಸರು ಅಷ್ಟು ಸುಲಭವಾಗಿ ಅಳಿಯುವುದಿಲ್ಲ.

'ಗೊಪ್ಪ' ಎಂಬುದನ್ನು ಬಿಡಿಸಲು ದೊಡ್ಡ ಪಾಂಡಿತ್ಯ ಬೇಡ. ಮಳೆ, ಕಾಲ ಸೇರಿ 'ಮಳೆಗಾಲ' ಆಗುತ್ತದೆಂದು ಶಾಲೆಯ ವ್ಯಾಕರಣ ಪಾಠದಲ್ಲಿ ಎಲ್ಲರೂ ಕಲಿತಿದ್ದಾರೆ. ಎರಡನೆಯ ಪದದ ಮೊದಲಿನ 'ಕ' ಸಮಾಸದಲ್ಲಿ 'ಗ' ಆಗುವ ಈ ಆದೇಶಸಂಧಿಯೇ ಇಲ್ಲಿಯೂ ಕೆಲಸ ಮಾಡಿದೆ. ಗೊಪ್ಪ ಎಂದರೆ ಕೊಪ್ಪ. ಕೊಪ್ಪ ಎಂದರೆ ಕೆಲವೇ ಮನೆಗಳ ಸಣ್ಣ ಹಳ್ಳಿ. ಅದೇ ಜಿಲ್ಲೆಯ ಅಬ್ಬಲಗೆರೆ, ಕೂಡ್ಲಿಗೆರೆಗಳಲ್ಲಿ 'ಕೆರೆ' ಇದೇ ರೀತಿ 'ಗೆರೆ'ಯಾಗಿದೆ. ಮಂಡಗದ್ದೆಯಲ್ಲಿ ಗದ್ದೆ, ಸಕ್ರೆಬೈಲಿನಲ್ಲಿ ಬಯಲು, ಹೊಳೆಹೊನ್ನೂರಿನಲ್ಲಿ ಹೊಳೆ ಮತ್ತು ಊರು. ಈ ಹೆಸರುಗಳನ್ನು ಇಟ್ಟವರು ರಾಜರಲ್ಲ, ಕವಿಗಳಲ್ಲ. ನೆಲವನ್ನು ಉತ್ತವರು, ನೀರು ಕಟ್ಟಿದವರು. ಕಣ್ಣೆದುರು ಕಂಡದ್ದನ್ನೇ ಅವರು ಹೆಸರಾಗಿ ಕರೆದರು.

ಇಂಥ ಹೆಸರುಗಳು ಎಷ್ಟು ಹಳೆಯವು? ಈ ಪ್ರಶ್ನೆಯನ್ನು ಯುರೋಪಿನ ವಿದ್ವಾಂಸರೂ ತಮ್ಮ ಊರುಗಳ ಬಗ್ಗೆ ಕೇಳಿಕೊಂಡಿದ್ದಾರೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಜೂಲಿಯಸ್ ಸೀಸರ್ ಇಂದಿನ ಫ್ರಾನ್ಸ್ ದೇಶವನ್ನು ಗೆದ್ದಾಗ ಅಲ್ಲಿದ್ದದ್ದು ಕೆಲ್ಟ್ ಜನರ ಗಾಲ್ ಭಾಷೆ. ರೋಮನ್ನರ ಲ್ಯಾಟಿನ್ ಕ್ರಮೇಣ ಆ ಭಾಷೆಯನ್ನು ನುಂಗಿತು. ಆದರೆ ಊರ ಹೆಸರುಗಳನ್ನು ನುಂಗಲಾಗಲಿಲ್ಲ. ಲಿಯಾನ್ ನಗರದ ಹಳೆಯ ಹೆಸರು ಲುಗ್ದುನುಮ್. ಅದರಲ್ಲಿರುವ 'ದುನ್' ಎಂದರೆ ಕೆಲ್ಟ್ ಜನರ ಮಾತಿನಲ್ಲಿ ಕೋಟೆ. ಇಂಗ್ಲೆಂಡಿನ ಏವನ್ ನದಿಯ ಹೆಸರಿನ ಮೂಲಾರ್ಥ 'ನದಿ' ಎಂದಷ್ಟೆ. ಬಂದವರಿಗೆ ಅದು ತಿಳಿಯದೆ 'ಏವನ್ ನದಿ' ಎಂದರು. ಅಂದರೆ 'ನದಿ ನದಿ' ಎಂದಂತಾಯಿತು.

ಕರ್ನಾಟಕದಲ್ಲಿಯೂ ಇದಕ್ಕೆ ಸರಿಸಾಟಿಯಾದ ಕಥೆ ಉಂಟು. ಒಂದು ವ್ಯತ್ಯಾಸ: ಅಲ್ಲಿ ಹಳೆಯ ಭಾಷೆ ಸತ್ತಿತು, ಇಲ್ಲಿ ಬದುಕಿದೆ. ಈ ನಾಡಿನಲ್ಲಿ ದೊರೆತಿರುವ ಮೊದಲ ಬರಹಗಳ ಭಾಷೆ ಕನ್ನಡವಲ್ಲ, ಪ್ರಾಕೃತ. ಆದರೆ ಆ ಪ್ರಾಕೃತದ ನಡುವೆ ನೆಲದ ಹೆಸರುಗಳು ಇಣುಕುತ್ತವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪತ್ತೆ ಹಚ್ಚಿದ ಅಶೋಕನ ಶಾಸನದಲ್ಲಿ 'ಇಸಿಲ' ಎಂಬ ಊರಿನ ಉಲ್ಲೇಖವಿದೆ. ಅದು ಕೋಟೆ ಎಂಬ ಅರ್ಥದ ಕನ್ನಡ ಮಾತೆಂದು ಡಿ.ಎಲ್. ನರಸಿಂಹಾಚಾರ್ ಅವರು ವಿವೇಚಿಸಿದರು. ಕ್ರಿ.ಶ. 2ನೇ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯ ಪಟ್ಟಿಯಲ್ಲಿ ಬನವಾಸಿ ಇದೆ. ತಮಿಳುನಾಡಿನ ಕರೂರು ಎಂದು ಗುರುತಿಸಲಾದ 'ಕರೌರ'ವೂ ಇದೆ. 'ಊರು' ಎಂಬ ಮಾತು ಆಗಲೇ ಸಮುದ್ರ ದಾಟಿ ಹೋಗಿತ್ತು.

ಮಲವಗೊಪ್ಪಕ್ಕೆ ಇನ್ನೂ ಹತ್ತಿರದ ಸಾಕ್ಷಿ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯದು. ಇದು ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲ. ಇಲ್ಲಿನ ಕಲ್ಲುಕಂಬದ ಮೇಲೆ ಚುಟು ಮನೆತನದ ಶಾತಕರ್ಣಿಯ ಪ್ರಾಕೃತ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 3ನೇ ಶತಮಾನ. ಅದರಲ್ಲಿ ದತ್ತಿ ಪಡೆದ ದೇವರ ಹೆಸರನ್ನು ವಿದ್ವಾಂಸರು 'ಮಳಪಳಿ ದೇವ' ಎಂದು ಓದಿದ್ದಾರೆ. ಮಳಪಳಿಯೇ ಇಂದಿನ ಮಳವಳ್ಳಿ. ದೊರೆಯ ಭಾಷೆ ಪ್ರಾಕೃತವಾದರೂ ದೇವರ ಹೆಸರಿನಲ್ಲಿ ಕುಳಿತದ್ದು ನಮ್ಮ 'ಪಳ್ಳಿ', ಅಂದರೆ ಹಳ್ಳಿ. ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ದಾನ ಕೊಟ್ಟ ಊರುಗಳು ಪಲ್ಮಡಿ ಮತ್ತು ಮೂಳಿವಳ್ಳಿ. ಪಲ್ಮಡಿ ಮುಂದೆ ಹಲ್ಮಿಡಿಯಾಯಿತು, ಪಂಪೆ ಹಂಪೆಯಾದಂತೆ. ಪಕಾರ ಹಕಾರವಾದ ಈ ಬದಲಾವಣೆ ಹತ್ತನೆಯ ಶತಮಾನದಿಂದೀಚೆಗೆ ಬಲಗೊಂಡಿತು.

ತಾಳಗುಂದದ್ದು ಇನ್ನೊಂದು ಪಾಠ. ಈಗಿನ ಹೆಸರನ್ನಷ್ಟೇ ನೋಡಿದವರು ಅಲ್ಲಿ ತಾಳೆಮರವನ್ನು ಹುಡುಕಿಯಾರು. ಆದರೆ ಕದಂಬರ ಕಾಲದ ಸಂಸ್ಕೃತ ಸ್ತಂಭಶಾಸನದಲ್ಲಿ ಆ ಊರು ಸ್ಥಾನಕುಂದೂರು. ಶ್ಲೋಕ ರಚಿಸಿದ ಕವಿ ಕುಬ್ಜನೂ 'ಊರು' ಎಂಬ ದೇಶೀ ಮಾತನ್ನು ತೆಗೆದುಹಾಕಲಾರದೆ ಹೋದ. ಹೀಗಾಗಿ ಊರ ಹೆಸರಿನ ಅಧ್ಯಯನದಲ್ಲಿ ಒಂದು ಶಿಸ್ತು ಬೆಳೆದಿದೆ: ಹಳೆಯ ಬರಹರೂಪವನ್ನು ನೋಡದೆ ತೀರ್ಪು ಕೊಡಬಾರದು. ಮಲವಗೊಪ್ಪದ 'ಮಲವ'ಕ್ಕೂ ಇದೇ ನಿಯಮ. ಮಲೆಯ ನಾಯಕರನ್ನು ಹಳಗನ್ನಡ 'ಮಲೆಪ'ರೆಂದು ಕರೆಯಿತು. 'ಮಲೆಪರೊಳ್ ಗಂಡ' ಎಂಬುದು ಹೊಯ್ಸಳರ ಬಿರುದು. ಪಕಾರ ವಕಾರವಾಗಿ ಮಲೆಪ 'ಮಲವ'ನಾದನೆಂದು ಊಹಿಸಲು ದಾರಿಯುಂಟು. ಯಾರೋ ಒಬ್ಬ ಮಲವನೆಂಬವನು ಕಟ್ಟಿದ ಕೊಪ್ಪವೆನ್ನುವುದಕ್ಕೂ ದಾರಿಯುಂಟು. 'ಗೊಪ್ಪ' ಖಚಿತ, ಮೊದಲ ಭಾಗವನ್ನು ಶಾಸನ, ಕಡತಗಳ ಕೈಗೆ ಬಿಡುವುದೇ ನ್ಯಾಯ.

ತುಂಗೆ ಭದ್ರೆಯರು ಸೇರುವ ಕೂಡಲಿ ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ದೂರ. ಹೆಸರು 'ಕೂಡು' ಎಂಬ ಮಾತಿನದು. ಎರಡು ನದಿಗಳು ಕೂಡುವ ಜಾಗಕ್ಕೆ ಗಾಲ್ ಜನರು 'ಕೊಂಡಾಟೆ' ಎನ್ನುತ್ತಿದ್ದರು. ಫ್ರಾನ್ಸಿನ ರೆನ್ ನಗರದ ಹಳೆಯ ಹೆಸರು ಅದೇ. ಈ ಎರಡು ಮಾತುಗಳಿಗೆ ನೆಂಟಸ್ತಿಕೆಯೇನೂ ಇಲ್ಲ. ಹೆಸರಿಡುವ ಮನಸ್ಸು ಮಾತ್ರ ಎಲ್ಲೆಡೆ ಒಂದೇ. ಕೃಷ್ಣೆ ಮಲಪ್ರಭೆಯರು ಸೇರುವಲ್ಲಿ ನಾವು 'ಕೂಡಲಸಂಗಮ' ಎನ್ನುತ್ತೇವೆ. ಕೂಡಲವೂ ಸಂಗಮ, ಸಂಗಮವೂ ಸಂಗಮ. ಕನ್ನಡದ ಮೇಲೆ ಸಂಸ್ಕೃತದ ಪದರ ಕುಳಿತ ಗುರುತು ಇದು. ಇದೂ ಒಂದು 'ಏವನ್ ನದಿ'.

ಪದರ ಕುಳಿತರೆ ನಷ್ಟವಿಲ್ಲ; ಹಳೆಯ ಪದರವನ್ನು ಕೆರೆದು ಹಾಕಿದರೆ ನಷ್ಟ. ಬಿಳಿಯ ಕೊಳ ಎಂಬ ಅರ್ಥದ ಬೆಳ್ಗೊಳವನ್ನು ಶಾಸನ ಕವಿಗಳು 'ಶ್ವೇತಸರೋವರ' ಎಂದು ಅನುವಾದಿಸಿದರು. ಜನ ಮಾತ್ರ ಬೆಳಗೊಳವನ್ನೇ ಉಳಿಸಿಕೊಂಡರು. ಶಿವಮೊಗ್ಗಕ್ಕೆ 'ಶಿವನ ಮುಖ' ಎಂದೂ 'ಸಿಹಿ ಮೊಗೆ' ಎಂದೂ ಕಥೆಗಳಿವೆ. ಭದ್ರಾವತಿಯ ಹಿಂದಿನ ಹೆಸರು ಬೆಂಕಿಪುರ. ಸ್ಥಳಪುರಾಣ ಅದನ್ನು ವಂಕಿ ಮುನಿಯ ವಂಕಿಪುರವೆನ್ನುತ್ತದೆ. ಕಥೆಗಳು ರಸವತ್ತಾಗಿವೆ, ಆದರೆ ಅವು ಹೆಸರು ಹುಟ್ಟಿದ ಮೇಲೆ ಹುಟ್ಟಿದವು.

ಕನ್ನಡದಲ್ಲಿ ಈ ಜಾಡನ್ನು ಮೊದಲು ಗಂಭೀರವಾಗಿ ಹಿಡಿದವರಲ್ಲಿ ಶಂ.ಬಾ. ಜೋಶಿಯವರು ಪ್ರಮುಖರು. 1933ರ 'ಕಣ್ಮರೆಯಾದ ಕನ್ನಡ'ದಲ್ಲಿ ಅವರು ಮರಾಠಿ ನಾಡಿನಲ್ಲಿ ಕನ್ನಡದ ಹೆಜ್ಜೆಗುರುತುಗಳನ್ನು ಹುಡುಕಿದರು. ಮಾತನಾಡುವವರು ಇಲ್ಲದ ಕಡೆಯೂ ಹೆಸರುಗಳು ಸಾಕ್ಷಿ ನುಡಿಯಬಲ್ಲವೆಂಬುದು ಆ ಹುಡುಕಾಟದ ಬಲ.

2014ರ ನವೆಂಬರ್ 1ರಂದು ಇಂಗ್ಲಿಷಿನ 'ಶಿಮೊಗಾ' ಹೋಗಿ ಅಧಿಕೃತವಾಗಿ 'ಶಿವಮೊಗ್ಗ' ಬಂದಿತು. ಒಟ್ಟು 12 ನಗರಗಳ ಹೆಸರು ಹೀಗೆ ಸರಿಹೋಯಿತು. ದೊಡ್ಡ ಊರುಗಳಿಗೆ ದೊರೆತ ಈ ಗೌರವ ಸಣ್ಣ ಹೆಸರುಗಳಿಗೂ ಸಲ್ಲಬೇಕು. ಹೊಲ ಬಡಾವಣೆಯಾದಾಗ ಫಲಕದ ಮೇಲೆ ಯಾವುದೋ 'ನಗರ', 'ಲೇಔಟ್' ಬರುತ್ತದೆ. ಕೆರೆ, ಕಟ್ಟೆ, ಕೊಪ್ಪ, ಗದ್ದೆಗಳು ಪಹಣಿಯಲ್ಲಷ್ಟೇ ಉಳಿಯುತ್ತವೆ. ಕೆರೆ ಬತ್ತಿದ ಮೇಲೂ ಅಲ್ಲಿ ನೀರು ನಿಲ್ಲುತ್ತಿತ್ತೆಂದು ಮನೆ ಕಟ್ಟುವವನಿಗೆ ಎಚ್ಚರಿಸುವುದು 'ಗೆರೆ' ಎಂಬ ಎರಡಕ್ಷರ. ಅದನ್ನು ಅಳಿಸಿದರೆ ಮೊದಲ ದೊಡ್ಡ ಮಳೆಗೇ ಅದರ ಬೆಲೆ ತಿಳಿಯುತ್ತದೆ. ಊರಿನ ಹಿರಿಯರ ಬಾಯಲ್ಲಿರುವ ಹೊಲ, ಹಳ್ಳ, ದಿಣ್ಣೆಗಳ ಹೆಸರುಗಳನ್ನು ಶಾಲೆಯ ಮಕ್ಕಳು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೂ ಸಾಕು, ಮುಂದಿನವರಿಗೆ ಓದಲು ಒಂದು ಶಾಸನ ಉಳಿದಂತಾಗುತ್ತದೆ.