ಕದಲದ ಜಾಗವನ್ನು ಕಂಡವರು ಯಾರು?

ದೇಶ-ಕಾಲ ಅನ್ನುವಾಗ ದೇಶ ಅಂದರೆ ನಾಡಲ್ಲ, ವಸ್ತುಗಳು ಇರುವ ಜಾಗ. ಜಾಗ ಕದಲದು, ಕಾಲ ಯಾರಿಗೂ ಕಾಯದೆ ಎಲ್ಲ ಕಡೆ ಒಂದೇ ಸಮ ಹರಿಯುತ್ತೆ ಅಂತ ನಾವು ಕೇಳದೇ ಕಲಿತೆವು, ಕೇಳಗೊಡದೇ ಕಲಿಸಿದೆವು. 1687ರ 'ಪ್ರಿನ್ಸಿಪಿಯಾ'ದಲ್ಲಿ ಹೀಗೆ ಬರೆದವನು ನ್ಯೂಟನ್. 1713ರ ಎರಡನೇ ಮುದ್ರಣದಲ್ಲಿ ಈ ಜಾಗ-ಕಾಲಗಳನ್ನು ದೇವರ ಇರುವಿಕೆಗೇ ಗಂಟು ಹಾಕಿದ. ಇನ್ನು ಪ್ರಶ್ನೆ ಎತ್ತುವವರು ಯಾರು?

ಎತ್ತಿದರು. 1632ರಲ್ಲೇ ಗೆಲಿಲಿಯೋ ಹೇಳಿದ್ದ: ಸಮವೇಗದ ಹಡಗಿನ ಒಳಕೋಣೆಯಲ್ಲಿ ಕೂತವನಿಗೆ ಹಡಗು ನಿಂತಿದೆಯೋ ಓಡ್ತಿದೆಯೋ ತಿಳಿಯದು. ಕುಲುಕದೆ ಓಡುವ ಬಸ್ಸಿನಲ್ಲಿ (ನಮ್ಮ ರಸ್ತೆಯಲ್ಲಿ ಅಂಥದ್ದು ಸಿಕ್ಕರೆ!) ನಾಣ್ಯ ಚಿಮ್ಮಿ ನೋಡಿ, ಅಂಗೈಗೇ ಬೀಳುತ್ತೆ. 1715-16ರಲ್ಲಿ ಲೈಬ್ನಿಟ್ಸ್, ನ್ಯೂಟನ್ ಪರ ವಾದಿಸಿದ ಪಾದ್ರಿ ಕ್ಲಾರ್ಕನಿಗೆ ಪತ್ರ ಬರೆದು ವಾದಿಸಿದ: ಜಾಗ ಅನ್ನೋದು ವಸ್ತುಗಳ ನಡುವಿನ ಸಂಬಂಧ, ಅಷ್ಟೆ.

ನ್ಯೂಟನ್ನನದು ಬರೀ ಹಠವೂ ಅಲ್ಲ. ನೀರಿನ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ತಿರುಗಿಸಿದರೆ ನೀರು ಅಂಚಿಗೇರುತ್ತೆ. ಯಾವುದಕ್ಕೆ ಹೋಲಿಸಿ ತಿರುಗಿತು? ಕದಲದ ಜಾಗಕ್ಕೆ, ಅಂದ. ಇದಕ್ಕೆ ಗಟ್ಟಿ ಎದುರುತ್ತರ ಬಂದದ್ದು 1883ರಲ್ಲಿ, ಎರ್ನ್ಸ್ಟ್ ಮಾಖ್‌ನಿಂದ: ಭೂಮಿಗೆ, ದೂರದ ನಕ್ಷತ್ರಗಳಿಗೆ ಹೋಲಿಸಿ! ಯಾರೂ ಅಳೆಯಲಾರದ್ದು ವಿಜ್ಞಾನವಲ್ಲ, ಬರೀ ಮನಸ್ಸಿನ ಕಲ್ಪನೆ.

ಬರ್ನ್ ಊರಿನ ಪೇಟೆಂಟ್ ಕಚೇರಿಯ ಮೂರನೇ ದರ್ಜೆ ನೌಕರನೊಬ್ಬ ಇಬ್ಬರು ಗೆಳೆಯರ ಜೊತೆ ಕೂತು ಈ ಮಾಖ್‌ನನ್ನು ಓದಿದ. ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗದ ಐನ್‌ಸ್ಟೈನ್ ಅವನು. 1905ರಲ್ಲಿ, 26ನೇ ವಯಸ್ಸಿಗೆ, ಮಗು ಕೇಳುವಂಥ ಪ್ರಶ್ನೆ ಕೇಳಿದ: ದೂರದ ಎರಡು ಊರಲ್ಲಿ ಎರಡು ಘಟನೆ 'ಒಂದೇ ಹೊತ್ತಿಗೆ' ಆಯ್ತು ಅಂತೀರಲ್ಲ, ಹೇಗೆ ಗೊತ್ತು? ಬೆಳಕು ಕಳಿಸಿ ಗಡಿಯಾರ ಹೊಂದಿಸಬೇಕು. ಬೆಳಕೋ, ನಿಂತವನಿಗೂ ಓಡುವವನಿಗೂ ಒಂದೇ ವೇಗ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಹಾಗಾದರೆ ನಿಂತವನ 'ಒಂದೇ ಹೊತ್ತು' ಓಡುವವನಿಗೆ ಒಂದೇ ಹೊತ್ತಲ್ಲ! ಎಲ್ಲರ ಮೇಲಿನ ದೊಡ್ಡ ಗಡಿಯಾರ ಅಲ್ಲಿಗೆ ಒಡೆಯಿತು.

ಇದು ಬಾಯಿಮಾತಲ್ಲ. 1971ರಲ್ಲಿ ಹಾಫೆಲೆ, ಕೀಟಿಂಗ್ ಎಂಬಿಬ್ಬರು ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನದಲ್ಲಿಟ್ಟುಕೊಂಡು ಭೂಮಿ ಸುತ್ತಿ ಬಂದರು. ನೆಲದ ಗಡಿಯಾರಕ್ಕಿಂತ ಪೂರ್ವಕ್ಕೆ ಹೋದವು ಸುಮಾರು 59 ನ್ಯಾನೋಸೆಕೆಂಡ್ ಹಿಂದೆ, ಪಶ್ಚಿಮಕ್ಕೆ ಹೋದವು 273 ಮುಂದೆ. ವೇಗದ ಪಾಲು, ಗುರುತ್ವದ ಪಾಲು ಎರಡೂ ಇದರಲ್ಲಿವೆ.

ಬಕೆಟ್ಟಿನ ಜಗಳ ಮಾತ್ರ ತೀರಿಲ್ಲ. 1915ರ ಸಾಪೇಕ್ಷತಾ ಸಿದ್ಧಾಂತದಲ್ಲಿ ದೇಶ-ಕಾಲ ವಸ್ತುವಿಗೆ ತಕ್ಕಂತೆ ಬಾಗುತ್ತದೆ; ಆದರೆ ವಸ್ತುವೇ ಇಲ್ಲದ ಬರಿದಾದ ದೇಶ-ಕಾಲಕ್ಕೂ ಅದರ ಸಮೀಕರಣಗಳಲ್ಲಿ ಎಡೆಯಿದೆ. ಮಾಖ್ ಇದಕ್ಕೆ ತಲೆದೂಗುತ್ತಿದ್ದನೆಂದು ನಮಗನ್ನಿಸುವುದಿಲ್ಲ.