ಅಜ್ಜಿಯ ಜಡೆ ಮಫ್ಲರ್: ಒಂದು ಹೆಣಿಗೆಯ ಚರಿತ್ರೆ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಬೇಕೆಂದು ಗೆಳೆಯರು ಕೇಳಿದಾಗ ಕಂಪ್ಯೂಟರ್ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಆದರೆ ರಜೆಗೆ ಅರಳಸುರಳಿಗೆ ಬಂದಾಗ ಹಳೆಯ ಪೆಟ್ಟಿಗೆಯಲ್ಲಿ ಅಜ್ಜಿ ಹೆಣೆದ ಮಫ್ಲರ್ ಸಿಕ್ಕಿತು. ಮಳೆಗಾಲದಲ್ಲಿ ಅದನ್ನು ಕುತ್ತಿಗೆಗೆ ಸುತ್ತಿಕೊಂಡೇ ನಾನು ಹೈಸ್ಕೂಲಿಗೆ ಬರುತ್ತಿದ್ದೆ. ನಡುವೆ ಹುಡುಗಿಯರ ಜಡೆಯಂತೆ ಹೆಣೆದುಕೊಂಡು ಹೋಗುವ ಉಬ್ಬು ಸಾಲು. ಈಗ ಅದರ ಒಂದು ತುದಿ ಗೇಣುದ್ದ ಬಿಚ್ಚಿಹೋಗಿತ್ತು. ಅಜ್ಜಿ ಇಲ್ಲ. ಮನೆಯಲ್ಲಿ ಉಳಿದ ಯಾರಿಗೂ ಆ ಜಡೆ ಹಾಕುವುದು ಗೊತ್ತಿರಲಿಲ್ಲ. ಅದನ್ನು ಸರಿಮಾಡಲು ಹೊರಟಾಗ ತಿಳಿದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಆಗುಂಬೆಯ ಮಳೆಯನ್ನು ಕಂಡ ನಮ್ಮ ಸೀಮೆಯಲ್ಲಿ ಉಣ್ಣೆ ಎಂದರೆ ಮೊದಲು ಕಂಬಳಿಯೇ. ನೆಟ್ಟಿಯ ಗದ್ದೆಯಲ್ಲಿ ಗೊರಬು ಮತ್ತು ಕಂಬಳಿಕೊಪ್ಪೆ ನಮ್ಮ ಹಿರಿಯರನ್ನು ಕಾಪಾಡಿದವು. ಆದರೆ ಕಂಬಳಿ ಹೆಣೆದದ್ದಲ್ಲ, ನೇಯ್ದದ್ದು. ಚಿತ್ರದುರ್ಗದ ಕಡೆಯ ಬಯಲುಸೀಮೆಯಲ್ಲಿ ಕುರುಬ ಸಮುದಾಯದವರು ದಖ್ಖನಿ ಕುರಿಯ ಉಣ್ಣೆಯಿಂದ ಮಗ್ಗದಲ್ಲಿ ಅದನ್ನು ನೇಯುತ್ತಾ ಬಂದಿದ್ದಾರೆ. ನೇಯ್ಗೆಗೆ ಹಾಸು, ಹೊಕ್ಕು ಎಂಬ ಎರಡು ಎಳೆಗಳು ಬೇಕು. ಹೆಣಿಗೆಗೆ ಒಂದೇ ಎಳೆ ಸಾಕು. ಕುಣಿಕೆಯೊಳಗೆ ಕುಣಿಕೆ ತೂರಿಸುತ್ತಾ ಹೋಗಬೇಕು. ಅದಕ್ಕೇ ಹೆಣೆದ ಬಟ್ಟೆ ಹಿಗ್ಗುತ್ತದೆ, ಮೈಗೆ ಒಗ್ಗುತ್ತದೆ. ತುದಿಯ ಗಂಟು ಬಿಟ್ಟರೆ ಅಷ್ಟೂ ಬಿಚ್ಚಿಹೋಗುವುದೂ ಅದಕ್ಕೇ.

ಎರಡು ಕಡ್ಡಿಯ ಹೆಣಿಗೆ ನಮ್ಮಲ್ಲಿ ಹುಟ್ಟಿದ್ದಲ್ಲ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಹೆಣಿಗೆಗಳಲ್ಲಿ ಈಜಿಪ್ಟಿನ ಹತ್ತಿ ಕಾಲುಚೀಲಗಳು ಸೇರಿವೆ. ಅವುಗಳಿಗೆ ಸಾವಿರ ವರ್ಷಗಳಷ್ಟು ವಯಸ್ಸು. ಅಲ್ಲಿಂದ ಈ ವಿದ್ಯೆ ಯುರೋಪಿಗೆ ಹರಡಿತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನೇ ಮಾಡಿದ. ನಮ್ಮ ನಾಡಿಗೆ ಇದು ಬಂದ ದಾರಿಗಳಲ್ಲಿ ಮಿಷನ್ ಶಾಲೆಗಳದು ಮುಖ್ಯವಾದದ್ದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅಂಥ ಮಿಷನ್‌ಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆ ಹೊಲಿಗೆ, ಹೆಣಿಗೆಗೂ ಜಾಗವಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣವು ಕೈಕೆಲಸವನ್ನೇ ಕಲಿಕೆಯ ನಡುವಿಗೆ ತಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯಿಂದ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಹೆಸರು ಶಾಲೆಗಳಿಗೆ ಬಂತು. ನಮ್ಮ ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ಹೆಣಿಗೆ ಕಲಿತದ್ದು ಪಕ್ಕದ ಮನೆಗೆ ಸೊಸೆಯಾಗಿ ಬಂದವರಿಂದ. ಅವರು ಕಲಿತದ್ದು ಶಾಲೆಯ ಹೊಲಿಗೆ ಪೀರಿಯಡ್ಡಿನಲ್ಲಿ. ಹೀಗೆ ಶಾಲೆಯ ವಿದ್ಯೆ ಶಾಲೆ ಬಿಟ್ಟವರನ್ನೂ ತಲುಪಿತು.

ಇನ್ನು ಜಡೆಯ ಗುಟ್ಟು. ಹೆಣಿಗೆಯಲ್ಲಿ ಇರುವುದು ಎರಡೇ: ಸೀದಾ ಮತ್ತು ಉಲ್ಟಾ. ಜಡೆಗೆಂದು ಒಂಬತ್ತು ಸೀದಾ ಕುಣಿಕೆ, ಅದರ ಎರಡೂ ಪಕ್ಕ ಉಲ್ಟಾ ಕುಣಿಕೆಗಳು. ಉಲ್ಟಾ ತಗ್ಗಿನಲ್ಲಿ ಸೀದಾ ಉಬ್ಬಿ ಕಾಣುತ್ತದೆ. ಕೆಲವು ಸಾಲು ಹೆಣೆದ ಮೇಲೆ ಮೊದಲ ಮೂರು ಕುಣಿಕೆಗಳನ್ನು ಮೂರನೆಯ ಸಣ್ಣ ಕಡ್ಡಿಗೆ ಏರಿಸಿ ಹಿಂದಕ್ಕೆ ಬಿಡಬೇಕು. ಮುಂದಿನ ಮೂರನ್ನು ಹೆಣೆದು, ಆಮೇಲೆ ಹಿಂದೆ ಬಿಟ್ಟವನ್ನು ಹೆಣೆಯಬೇಕು. ಇನ್ನು ಕೆಲವು ಸಾಲು ಬಿಟ್ಟು ಕೊನೆಯ ಆರರಲ್ಲಿ ಇದನ್ನೇ ಮಾಡಬೇಕು, ಆದರೆ ಈ ಸಲ ಮೂರನ್ನು ಮುಂದಕ್ಕೆ ಬಿಟ್ಟು. ಮೂರು ಕಾಲಿನ ಜಡೆ ಬೀಳುತ್ತದೆ. ಹೊಸ ಕುಣಿಕೆ ಒಂದೂ ಇಲ್ಲ. ಸರದಿ ಬದಲಾಯಿತು, ಅಷ್ಟೆ. ಅಜ್ಜಿಯ ಮೂರನೆಯ ಕಡ್ಡಿ ಮುರಿದ ಕೊಡೆಯದು. “ಎಣಿಕೆ ತಪ್ಪಿದ್ರೆ ಜಡೆ ತಪ್ತದೆ ಮಗಾ, ಮಾತಾಡಿಸಬೇಡ” ಎನ್ನುತ್ತಿದ್ದರು. ಎರಡೇ ಚಿಹ್ನೆ, ಒಂದು ಸರದಿ, ತಪ್ಪದ ಎಣಿಕೆ: ಕಂಪ್ಯೂಟರಿನ ಮುಂದೆ ನಾನು ಮಾಡುವ ಕೆಲಸವೂ ಇದೇ. ನನಗೆ ತಪ್ಪು ತೋರಿಸಲು ಪರದೆಯಿದೆ. ಅಜ್ಜಿಗೆ ಬೆರಳುಗಳು ಮಾತ್ರ ಇದ್ದವು.

ಈ ಜಡೆ ಹೆಣಿಗೆಗೆ ಜಗತ್ತಿನಲ್ಲಿ ಹೆಸರು ತಂದದ್ದು ಐರ್ಲೆಂಡಿನ ಅರಾನ್ ದ್ವೀಪಗಳು. ಅಲ್ಲಿ ಪ್ರತಿ ಮನೆತನಕ್ಕೂ ಒಂದೊಂದು ವಿನ್ಯಾಸವಿತ್ತು, ಸಮುದ್ರದಲ್ಲಿ ಮುಳುಗಿದವರ ಶವವನ್ನು ಸ್ವೆಟರಿನಿಂದ ಗುರುತಿಸುತ್ತಿದ್ದರು ಎಂಬ ಕಥೆ ಬಹಳ ಪ್ರಸಿದ್ಧ. ಆದರೆ ಅದು ಇತಿಹಾಸವಲ್ಲ. ಜೆ. ಎಂ. ಸಿಂಜ್ ಅವರ 1904ರ ನಾಟಕ ‘ರೈಡರ್ಸ್ ಟು ದ ಸೀ’ಯಲ್ಲಿ ಮುಳುಗಿದ ಅಣ್ಣನನ್ನು ತಂಗಿ ಗುರುತಿಸುವುದು ತಾನು ಹೆಣೆದ ಕಾಲುಚೀಲದಲ್ಲಿ ಬಿಟ್ಟುಹೋದ ಕುಣಿಕೆಗಳಿಂದ. ಆ ದೃಶ್ಯವೇ ಮುಂದೆ ಮನೆತನದ ವಿನ್ಯಾಸದ ಕಥೆಯಾಗಿ ಬೆಳೆಯಿತು. ಸ್ವೆಟರ್ ಮಾರುವವರಿಗೂ ಅದು ಅನುಕೂಲವಾಯಿತು. ನಿಜವಾಗಿ ನಡೆದದ್ದು, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಡ ದ್ವೀಪದ ಹೆಂಗಸರು ಈ ಸ್ವೆಟರನ್ನು ರೂಪಿಸಿ, ಬರಬರುತ್ತಾ ಅದರಿಂದಲೇ ನಾಲ್ಕು ಕಾಸು ಕಂಡದ್ದು. ಕಟ್ಟುಕಥೆ ಎಲ್ಲರ ಬಾಯಲ್ಲಿ ಉಳಿಯಿತು. ಹೆಣೆದ ಹೆಂಗಸರಲ್ಲಿ ಹೆಚ್ಚಿನವರ ಹೆಸರು ಉಳಿಯಲಿಲ್ಲ.

ನಮ್ಮಲ್ಲಿ ಕಟ್ಟುಕಥೆಯೂ ಇಲ್ಲ, ಬರಹವೂ ಇಲ್ಲ. ಶಾಲೆಗೆ ಜಾಗ ಕೊಟ್ಟವರು, ಕಟ್ಟಡ ಕಟ್ಟಿಸಿದವರು, ಪಾಠ ಹೇಳಿದ ಗುರುಗಳು ಇವರೆಲ್ಲರ ನೆನಪು ಇಂಥ ಸಂಚಿಕೆಗಳಲ್ಲಿ ಉಳಿಯುತ್ತದೆ, ಉಳಿಯಲೇಬೇಕು. ಆದರೆ ಮಳೆಯಲ್ಲಿ ನೆನೆದು ಬಂದ ಮಕ್ಕಳ ಕುತ್ತಿಗೆ ಬೆಚ್ಚಗಿರಲೆಂದು ಚಿಮಣಿ ಬೆಳಕಿನಲ್ಲಿ ಕುಣಿಕೆ ಎಣಿಸಿದ ಕೈಗಳ ಲೆಕ್ಕ ಎಲ್ಲಿಯೂ ಇಲ್ಲ. ಅಜ್ಜಿ ಇದ್ದಾಗ ನಾನೂ ಕೇಳಲಿಲ್ಲ. ಬಿ.ಇ. ಓದಿದ ಮೇಲೂ ಅವರ ಲೆಕ್ಕ ನನಗೆ ಲೆಕ್ಕವೆಂದು ಕಾಣಲಿಲ್ಲ. ಆ ತಪ್ಪು ನನ್ನದು.

ಕೊನೆಗೆ ಬಿಚ್ಚಿದ ತುದಿಯ ಕುಣಿಕೆಗಳನ್ನು ಕಡ್ಡಿಗೆ ಏರಿಸಿ, ಉಳಿದಿದ್ದ ಜಡೆಯನ್ನೇ ನೋಡಿ ಎಣಿಸುತ್ತಾ ಆರು ಸಲ ಬಿಚ್ಚಿ ಏಳನೆಯ ಸಲ ಮುಗಿಸಿದೆ. ಒಂದು ಕಡೆ ಹಿಂದಕ್ಕೆ ಬಿಡಬೇಕಾದದ್ದನ್ನು ಮುಂದಕ್ಕೆ ಬಿಟ್ಟಿದ್ದೇನೆ. ಅದನ್ನು ಹಾಗೆಯೇ ಇಟ್ಟಿದ್ದೇನೆ. ಅಜ್ಜಿಯ ಹೆಣಿಗೆ ಎಲ್ಲಿಗೆ ಮುಗಿದು ನನ್ನದು ಎಲ್ಲಿಂದ ಶುರುವಾಯಿತೆಂದು ನೋಡಿದವರಿಗೆ ತಿಳಿಯುತ್ತದೆ.

ಇದನ್ನು ಓದುತ್ತಿರುವ ಶಾಲೆಯ ಮಕ್ಕಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಅತ್ತೆ ಯಾರಾದರೂ ಹೆಣೆಯುತ್ತಿದ್ದರೆ ಈ ಮಳೆಗಾಲದಲ್ಲೇ ಪಕ್ಕದಲ್ಲಿ ಕುಳಿತು ಕೇಳಿ, ಎಣಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮೇಲೆ ಅವರ ಹೆಸರನ್ನೂ ಬರೆಯಿರಿ. ಶಾಲೆಯ ಶತಮಾನೋತ್ಸವದ ಸಂಚಿಕೆಗೆ ಆ ಪುಟಗಳು ಬೇಕಾಗುತ್ತವೆ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು