ಒಂಬತ್ತು ಮಿಲಿಮೀಟರ್ ಹಳಿಯ ಮೇಲೆ ಇತಿಹಾಸ

1936ರಲ್ಲಿ ‘ಲ್ಯೂ’ ಎಂಬ ಪುಟ್ಟ ಉಗಿ ಎಂಜಿನ್ ಒಂದನ್ನು ಬ್ರಿಟನ್ನಿನಿಂದ ಹಡಗಿಗೇರಿಸಿ ಬ್ರೆಜಿಲ್ ದೇಶಕ್ಕೆ ಕಳಿಸಿದರು. ಮುಂದೆ ಅದರ ಗತಿ ಏನಾಯಿತೆಂಬುದು ಯಾರಿಗೂ ತಿಳಿಯದು. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಅದು ಓಡಾಡುತ್ತಿದ್ದ ಲಿಂಟನ್–ಬಾರ್ನ್‌ಸ್ಟೇಪಲ್ ರೈಲುಮಾರ್ಗ ಅದರ ಹಿಂದಿನ ವರ್ಷವೇ ಮುಚ್ಚಿಹೋಗಿತ್ತು. ಇಷ್ಟಾದರೂ ಲ್ಯೂ ಇಂದಿಗೂ ಓಡುತ್ತಿದೆ, ಹವ್ಯಾಸಿಗಳ ಮನೆಯ ಮೇಜಿನ ಮೇಲೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ!

ನ್ಯಾರೋಗೇಜ್ ಎಂದರೆ ಕಿರಿದಾದ ಹಳಿ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿ.ಮೀ. ಒಂದು ಕಾಲದಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ಓಡುತ್ತಿದ್ದ ಚಿಕ್ಕ ರೈಲಿನದು 762. ಲ್ಯೂ ಓಡಿದ ಹಳಿಯದು ಇನ್ನೂ ಕಡಿಮೆ, 597 ಮಿ.ಮೀ. ಮಾತ್ರ. ಲಾರಿ, ಬಸ್ಸುಗಳು ಬಂದ ಮೇಲೆ ಇಂಥ ಮಾರ್ಗಗಳು ಒಂದೊಂದಾಗಿ ಮುಚ್ಚತೊಡಗಿದವು. ವೇಲ್ಸ್‌ನ ಟಾಲಿಲಿನ್ ಮಾರ್ಗವನ್ನು ಮಾತ್ರ 1951ರಲ್ಲಿ ಸ್ವಯಂಸೇವಕರೇ ವಹಿಸಿಕೊಂಡು ನಡೆಸಿ ಉಳಿಸಿಕೊಂಡರು.

ಅದೇ ದಶಕದಲ್ಲಿ ಎಡಿನ್‌ಬರೋದ ಪಿ. ಡಿ. ಹ್ಯಾನ್‌ಕಾಕ್ ತಮ್ಮ ಮನೆಯಲ್ಲಿ ಒಂದು ಕಲ್ಪಿತ ನ್ಯಾರೋಗೇಜ್ ಮಾರ್ಗ ಕಟ್ಟಿದರು. ಒಂದು ಅಡಿಗೆ ನಾಲ್ಕು ಮಿ.ಮೀ. ಎಂಬುದು ಅವರ ಲೆಕ್ಕ, ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಹಳಿಯ ಅಗಲ 9 ಮಿ.ಮೀ. ಆ ಅಳತೆಯ ಗಾಲಿ, ಮೋಟಾರುಗಳು ಆಗ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಬಹಳಷ್ಟನ್ನು ಕೈಯಿಂದಲೇ ಮಾಡಿಕೊಳ್ಳಬೇಕಿತ್ತು.

1960ರ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ದೊಡ್ಡ ರೈಲುಗಳದೇ ಇನ್ನಷ್ಟು ಚಿಕ್ಕ ಮಾದರಿಗಳು ಮಾರುಕಟ್ಟೆಗೆ ಬಂದವು. ಅವುಗಳ ಹಳಿಯೂ ಒಂಬತ್ತೇ ಮಿ.ಮೀ! ಹವ್ಯಾಸಿಗಳು ಅಂಥದೊಂದು ಎಂಜಿನ್ ಕೊಂಡು, ಮೇಲಿನ ಕವಚ ಕಳಚಿ ಬದಿಗಿಟ್ಟು, ಗಾಲಿ–ಮೋಟಾರಿನ ಮೇಲೆ ಹಿತ್ತಾಳೆ ತಗಡಿನ ಅಥವಾ ಪ್ಲಾಸ್ಟಿಕ್ಕಿನ ನ್ಯಾರೋಗೇಜ್ ಒಡಲನ್ನು ಕೂರಿಸಿದರು. ಈ ಹವ್ಯಾಸ ಬೆಳೆದದ್ದು ಹೀಗೆ.

ಆದರೆ ಈ ಅನುಕೂಲದಲ್ಲಿ ಒಂದು ಸುಳ್ಳು ಅಡಗಿದೆ. ನೀವೇ ಭಾಗಿಸಿ ನೋಡಿ. ಟಾಲಿಲಿನ್ ಹಳಿ 2 ಅಡಿ 3 ಅಂಗುಲ. ಅಡಿಗೆ ನಾಲ್ಕರಂತೆ ಸರಿಯಾಗಿ 9 ಮಿ.ಮೀ. ಲ್ಯೂನ 597ನ್ನು 76ರಿಂದ ಭಾಗಿಸಿದರೆ ಎಂಟೂ ಬರುವುದಿಲ್ಲ. ಆದರೂ ಮಾದರಿಯ ಲ್ಯೂ ಒಂಬತ್ತರ ಮೇಲೆಯೇ ಓಡುತ್ತದೆ, ಕಾಲನ್ನು ತುಸು ಅಗಲಿಸಿಕೊಂಡು. ತಪ್ಪು ಎಷ್ಟೆಂದು ಗೊತ್ತಿದ್ದೇ ಒಪ್ಪಿಕೊಂಡ ತಪ್ಪು ಇದು. ನನಗೇನೋ ಇದು ಕ್ಷಮಾರ್ಹವೆನಿಸುತ್ತದೆ. ಉಳಿದ ಅಳತೆಗಳಲ್ಲಿ ಇವರು ಬಹಳ ಕಟ್ಟುನಿಟ್ಟು. ಹಳೆಯ ನಕ್ಷೆ, ಛಾಯಾಚಿತ್ರಗಳನ್ನು ಹುಡುಕಿ ಕಿಟಕಿಯ ಎತ್ತರವನ್ನೂ ತಾಳೆ ನೋಡುತ್ತಾರೆ. ಆ ಮಾರ್ಗದ ಒಂದು ಪ್ರಯಾಣಿಕ ಡಬ್ಬಿ ಪಾದ್ರಿಯೊಬ್ಬರ ತೋಟದಲ್ಲಿ ಕೊಠಡಿಯಾಗಿ ಉಳಿದಿತ್ತು. ಈಗ ಅದು ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದ ಸೊತ್ತು.

ಇನ್ನು ಭೌತಶಾಸ್ತ್ರ. ಉದ್ದ, ಅಗಲ, ಎತ್ತರ ಮೂರೂ 76 ಪಟ್ಟು ಕುಗ್ಗಿದರೆ ತೂಕ ಕುಗ್ಗುವುದು 76 ಪಟ್ಟಲ್ಲ, ಸುಮಾರು 4 ಲಕ್ಷ 39 ಸಾವಿರ ಪಟ್ಟು. ಎರಡು ಟನ್ನಿನ ವ್ಯಾಗನ್ ನಾಲ್ಕೂವರೆ ಗ್ರಾಮಿಗೆ ಇಳಿಯುತ್ತದೆ, ಹೆಚ್ಚುಕಡಿಮೆ ಒಂದು ನಾಣ್ಯದ ತೂಕ! ಪ್ಲಾಸ್ಟಿಕ್ಕಿನದಾದರೆ ಇನ್ನೂ ಹಗುರ. ಇಷ್ಟು ಹಗುರವಾದ ಬಂಡಿ ತಿರುವಿನಲ್ಲಿ ಹಳಿ ತಪ್ಪುವುದು ಸಹಜ. ಅದಕ್ಕೇ ತಳದಲ್ಲಿ, ಹೊರಗೆ ಕಾಣದಂತೆ, ಸೀಸದ ಚೂರು ಅಂಟಿಸುತ್ತಾರೆ. ಅಚ್ಚಿನ ತುದಿಗೆ ಎಣ್ಣೆ ಬಿಡುವುದು ಸೂಜಿಮೊನೆಯಿಂದ. ಒಂದು ತೊಟ್ಟು ಹೆಚ್ಚಾದರೂ ಅದು ಹಳಿಗೆ ಹರಡಿ ದೂಳು ಹಿಡಿಯುತ್ತದೆ. ವಿದ್ಯುತ್ತು ಹಳಿಯಿಂದ ಗಾಲಿಯ ಮೂಲಕವೇ ಮೋಟಾರಿಗೆ ಹೋಗಬೇಕಲ್ಲ? ಸ್ಟುಡಿಯೋದಲ್ಲಿ ಕ್ಯಾಮೆರಾದ ಟ್ರಾಲಿ ತಳ್ಳುವವರಿಗೆ ಈ ಕಷ್ಟ ಅರ್ಥವಾದೀತು: ಹಳಿಯ ಮೇಲೆ ಒಂದು ಮರಳಿನ ಕಣವಿದ್ದರೂ ದೃಶ್ಯ ನಡುಗುತ್ತದೆ. ಲ್ಯೂಗೆ ಅಷ್ಟೂ ಬೇಡ. ಗಾಲಿಗೆ ತುಸು ಜಿಡ್ಡು ಹತ್ತಿದರೆ ನಿಂತುಬಿಡುತ್ತದೆ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದರೆ ಮತ್ತೆ ಹೊರಡುತ್ತದೆ.